ನಿಮಗಿದು ಗೊತ್ತೇ? ಕಾಲಿಗೆ ಓಟ, ಎಲೆಗೆ ಊಟ

● ಕರಗಿದ ಬೊಜ್ಜು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿದುಹೋಗುತ್ತದೆ ಎನ್ನುತ್ತಾರೆ ಕೆಲವರು, ಉರಿದು ಶಾಖವಾಗುತ್ತದೆ ಎನ್ನುತ್ತಾರೆ ಇನ್ನು ಕೆಲವರು. ಅದರ ಬಹುಪಾಲು ಹೋಗುವುದು ಮೂಗು-ಬಾಯಿಯಿಂದ. ಹತ್ತು ಕಿಲೋ ಕೊಬ್ಬು ಕರಗಿತು ಎಂದಿಟ್ಟುಕೊಳ್ಳಿ. ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2014ರಲ್ಲಿ ಈ ಲೆಕ್ಕ ಬಿಡಿಸಿ ತೋರಿಸಿದಾಗ, ವೈದ್ಯರಲ್ಲೇ ಬಹಳ ಮಂದಿ ಇದಕ್ಕೆ ತಪ್ಪು ಉತ್ತರ ಕೊಟ್ಟಿದ್ದರು. ಹಾಗೆಂದು ಕೂತಲ್ಲೇ ಜೋರಾಗಿ ಉಸಿರೆಳೆದು ಬಿಟ್ಟರೆ ತೂಕ ಇಳಿಯದು. ಉರಿಯುವ ಒಲೆ ಇರುವುದು ಮಾಂಸಖಂಡದಲ್ಲಿ. ಉಸಿರು ಆ ಒಲೆಯ ಹೊಗೆ.

● ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಲೆಕ್ಕ ಮೊದಲು ಬಂದದ್ದು ವೈದ್ಯರಿಂದಲ್ಲ, ಅಂಗಡಿಯಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾನ್ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ಮುಂದೆ ಲೋಕಕ್ಕೆಲ್ಲ ನಿಯಮವಾಯಿತು.

ನಿಜವಾದ ಲೆಕ್ಕ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಸರಾಸರಿ 72 ವರ್ಷದ ಸುಮಾರು 17 ಸಾವಿರ ಹೆಂಗಸರ ಹೆಜ್ಜೆ ಎಣಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿತು. 7,500 ದಾಟಿದ ಮೇಲೆ ಹೆಚ್ಚುವುದು ನಿಂತಿತು. ಹತ್ತು ಸಾವಿರ ಆಗುವುದಿಲ್ಲವೆಂದು ಬೇಸರಗೊಂಡು ನಡೆಯುವುದನ್ನೇ ಬಿಟ್ಟುಬಿಟ್ಟ ಹಿರಿಯ ಹೆಂಗಸರನ್ನು ನಾನು ಕಂಡಿದ್ದೇನೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ದಯವಿಟ್ಟು ಈ ಸಂಖ್ಯೆಗಳನ್ನು ಅವರಿಗೆ ಓದಿ ಹೇಳಿ.

● ವ್ಯಾಯಾಮ ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕರ್ ಬಸ್ಸಿನಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಎರಡನೇ ಮಹಾಯುದ್ಧದ ನಂತರ ಒಂದು ಪ್ರಶ್ನೆ ಹಿಡಿದು ಹೊರಟರು: ಹೃದಯಾಘಾತ ಯಾಕೆ ಇಷ್ಟು ಹೆಚ್ಚುತ್ತಿದೆ? ಸಾವಿರಾರು ಸಾರಿಗೆ ನೌಕರರ ಆರೋಗ್ಯದ ದಾಖಲೆ ತೆಗೆದು ನೋಡಿದರೆ ಒಂದು ವಿಚಿತ್ರ ಕಂಡಿತು. ಬಸ್ಸು ಒಂದೇ, ಊರು ಒಂದೇ, ಬಹುತೇಕರು ಬದುಕುತ್ತಿದ್ದ ರೀತಿಯೂ ಒಂದೇ. ಆದರೂ ಡ್ರೈವರುಗಳಿಗೆ ಬಂದಷ್ಟು ಹೃದಯಾಘಾತ ಕಂಡಕ್ಟರುಗಳಿಗೆ ಬರುತ್ತಿರಲಿಲ್ಲ. ಬಂದರೂ ತಡವಾಗಿ ಬರುತ್ತಿತ್ತು, ಬಂದವರಲ್ಲಿ ಬದುಕಿ ಉಳಿಯುವವರು ಹೆಚ್ಚಿದ್ದರು. ವ್ಯತ್ಯಾಸ ಇದ್ದದ್ದು ಮೆಟ್ಟಿಲಲ್ಲಿ. ಡ್ರೈವರು ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರು ಟಿಕೆಟ್ ಕೊಡಲು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಡ್ರೈವರುಗಳು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೇನೋ ಎಂಬ ಅನುಮಾನ ಮಾರಿಸ್ ಅವರಿಗೇ ಬಂತು. ಪರೀಕ್ಷಿಸಲು ಅವರು ಹಿಡಿದ ದಾರಿ ನನಗೆ ಬಹಳ ಇಷ್ಟ. ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆ ಪಟ್ಟಿಗಳನ್ನು ತರಿಸಿ ಪ್ಯಾಂಟಿನ ಸೊಂಟದ ಅಳತೆ ಹೋಲಿಸಿದರು! ಡ್ರೈವರುಗಳ ಸೊಂಟ ನಿಜಕ್ಕೂ ದೊಡ್ಡದಿತ್ತು. ಆದರೆ ಸೊಂಟ ಸಣ್ಣದಿದ್ದ ಡ್ರೈವರಿಗೂ ಕಂಡಕ್ಟರಿಗಿಂತ ಅಪಾಯ ಹೆಚ್ಚೇ ಇತ್ತು. ಅಂದರೆ ತೆಳ್ಳಗಿರುವುದೊಂದೇ ಸಾಲದು, ಕಾಲು ಆಡಬೇಕು. ತಮ್ಮ ಸಂಶೋಧನೆಯನ್ನು ತಾವೇ ನಂಬಿ ನಡೆದವರು ಮಾರಿಸ್. ವ್ಯಾಯಾಮವನ್ನು ಕೊನೆಯವರೆಗೂ ಬಿಡದೆ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

● ಟ್ರೆಡ್‌ಮಿಲ್ ಹುಟ್ಟಿದ್ದು ಜಿಮ್ಮಿನಲ್ಲಲ್ಲ, ಜೈಲಿನಲ್ಲಿ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳಿಗೆಂದೇ ದೊಡ್ಡ ಮೆಟ್ಟಿಲ ಚಕ್ರ ರೂಪಿಸಿದ. ತುಳಿದಷ್ಟೂ ತಿರುಗುತ್ತಿತ್ತು, ಅದರಿಂದ ಕಾಳು ಬೀಸುತ್ತಿದ್ದರು, ನೀರೆತ್ತುತ್ತಿದ್ದರು. 1895ರಲ್ಲಿ ಸೆರೆಮನೆ ಸೇರಿದ ನಾಟಕಕಾರ ಆಸ್ಕರ್ ವೈಲ್ಡ್ ಕೂಡ ಅದನ್ನು ತುಳಿಯಬೇಕಾಯಿತು. ಕ್ರೂರವೆಂದು 19ನೇ ಶತಮಾನದ ಕೊನೆಗೆ ಬ್ರಿಟನ್ ಅದನ್ನು ಕೈಬಿಟ್ಟಿತು.

● ಮ್ಯಾರಥಾನ್ ದೂರ 42.195 ಕಿಲೋಮೀಟರ್. ಈ ಅಂಕಿ 1908ರ ಲಂಡನ್ ಒಲಿಂಪಿಕ್ಸ್‌ನದು, ಕಾಯಂ ಆದದ್ದು 1921ರಲ್ಲಿ. 1896ರಲ್ಲಿ ಅಥೆನ್ಸ್‌ನಲ್ಲಿ ನಡೆದ ಮೊದಲ ಒಲಿಂಪಿಕ್ ಮ್ಯಾರಥಾನ್ ಸುಮಾರು 40 ಕಿಲೋಮೀಟರಿನದು. ಗೆದ್ದವನು ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರುತ್ತಿದ್ದವನು.

● ಹೆಂಗಸರ ಮೈ ಇಷ್ಟು ದೂರ ತಾಳದು ಎಂದು ಗಂಡಸರು ಬಹುಕಾಲ ನಂಬಿದ್ದರು. 1966ರಲ್ಲಿ ಬಾಬಿ ಗಿಬ್ ಬಾಸ್ಟನ್ ಮ್ಯಾರಥಾನ್ ಶುರುವಾಗುವ ಜಾಗದ ಪೊದೆಯಲ್ಲಿ ಅಡಗಿದ್ದು, ಓಟಗಾರರ ಗುಂಪು ಹೊರಟಾಗ ನಡುವೆ ಸೇರಿಕೊಂಡು ಪೂರ್ತಿ ಓಡಿದರು. ಮರುವರ್ಷ ಕ್ಯಾಥರೀನ್ ಸ್ವಿಟ್ಜರ್ ಎದೆಗೆ ನಂಬರು ಕಟ್ಟಿಕೊಂಡೇ ಓಡುತ್ತಿದ್ದಾಗ ಅಧಿಕಾರಿಯೊಬ್ಬರು ಬೆನ್ನಟ್ಟಿ ಹಿಡಿದೆಳೆಯಲು ನೋಡಿದರು. ಆ ಫೋಟೊ ಜಗತ್ತೆಲ್ಲ ಸುತ್ತಿತು, ಆಕೆ ಓಟ ಮುಗಿಸಿದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ, ಮೊದಲ ಪುರುಷ ಓಟದ 88 ವರ್ಷಗಳ ನಂತರ. ಇಂದು ಬೆಳಗಿನ ಜಾವ ಕಬ್ಬನ್ ಪಾರ್ಕಿನಲ್ಲಿ ನಿರಾತಂಕವಾಗಿ ಓಡುವ ಹುಡುಗಿಯರನ್ನು ಕಂಡಾಗೆಲ್ಲ ನನಗೆ ಆ ಪೊದೆ ನೆನಪಾಗುತ್ತದೆ.

● 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದರು: 2 ಗಂಟೆ 15 ನಿಮಿಷ 16 ಸೆಕೆಂಡ್. ನಾಲ್ಕು ವರ್ಷದ ಮೇಲೆ ಟೋಕಿಯೊದಲ್ಲಿ ಮತ್ತೆ ಗೆದ್ದರು, ಈ ಸಲ ಶೂ ಹಾಕಿಕೊಂಡು. ಅದಕ್ಕೆ ಕೆಲವೇ ವಾರ ಮೊದಲು ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು.

● ನಮ್ಮ ಕಂಬಳದ ಓಟಗಾರರು ಓಡುವುದೂ ಬರಿಗಾಲಲ್ಲೇ, ಅದೂ ಕೆಸರಿನಲ್ಲಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸದವರಿಲ್ಲ. ಟ್ರ್ಯಾಕ್ ಮೇಲೆ ಓಡಿ ತೋರಿಸಲು ಕರೆಯೂ ಬಂತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಅಲ್ಲದೆ ಕೋಣಗಳ ಪಾಲೂ ಈ ಓಟದಲ್ಲಿ ಇದೆ ಎಂದರು. ತನ್ನ ಕಸುಬನ್ನು ಚೆನ್ನಾಗಿ ಬಲ್ಲವನ ಮಾತು ಅದು.

● ಇನ್ನು ರಾಗಿಗೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ನಾವು ನಮ್ಮ ಮಣ್ಣಿನದೇ ಎಂದು ತಿಳಿದಿರುವ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಅಂದರೆ ಇಥಿಯೋಪಿಯಾ, ಉಗಾಂಡಾ ಸುತ್ತಿನ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಇಲ್ಲಿಗೆ ಬಂತು. ದೂರದ ಓಟದಲ್ಲಿ ಜಗತ್ತಿನ ಅತಿ ದೊಡ್ಡ ಓಟಗಾರರು ಹುಟ್ಟಿದ್ದೂ ಅದೇ ಸೀಮೆಯಲ್ಲಿ. ಕೀನ್ಯಾದಲ್ಲಿ ರಾಗಿಗೆ ‘ವಿಂಬಿ’ ಎನ್ನುತ್ತಾರೆ. ಅದರ ಅಂಬಲಿಗೆ ‘ಉಜಿ’.

ಕೀನ್ಯಾದ ಓಟಗಾರರ ದಿನನಿತ್ಯದ ಊಟ ‘ಉಗಾಲಿ’. ಕುದಿಯುವ ನೀರಿಗೆ ಹಿಟ್ಟು ಸುರಿದು, ಮರದ ಕೋಲಿನಿಂದ ಗಂಟಾಗದಂತೆ ತಿರುವಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು ಉಂಡೆ ಮಾಡಿ, ಬೇಯಿಸಿದ ಸೊಪ್ಪಿನ ಜೊತೆ ತಿನ್ನುತ್ತಾರೆ. ಮಂಡ್ಯದವರಿಗೆ, ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಈಗ ಉಗಾಲಿಗೆ ಬಳಸುವುದು ಮೆಕ್ಕೆಜೋಳದ ಹಿಟ್ಟು. ಮೆಕ್ಕೆಜೋಳ ಅಮೆರಿಕದಿಂದ ಅಲ್ಲಿಗೆ ಬರುವ ಮುನ್ನ ರಾಗಿ, ಜೋಳಗಳ ಹಿಟ್ಟೇ ಇತ್ತು. ಅಲ್ಲಿನ ಮೇಲ್ಮಟ್ಟದ ಓಟಗಾರರ ತಟ್ಟೆಯನ್ನು ತೂಗಿ ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಶಕ್ತಿಯ ಮುಕ್ಕಾಲು ಪಾಲು ಹಿಟ್ಟು-ಸಕ್ಕರೆಯ ಅಂಶದಿಂದಲೇ ಬರುತ್ತಿತ್ತು. ಪ್ರೋಟೀನಿನಿಂದ ಬರುತ್ತಿದ್ದುದು ಶೇಕಡ 10ರಷ್ಟು. ಡಬ್ಬಿಯ ಪುಡಿಗಳಿಲ್ಲದೆ, ಸೊಪ್ಪು, ಕಾಳು, ಹಾಲು, ಮುದ್ದೆಯಲ್ಲಿ ಅವರು ಜಗತ್ತನ್ನು ಗೆಲ್ಲುತ್ತಿದ್ದರು. ಆದರೆ ನೆನಪಿರಲಿ, ಅವರು ದಿನಕ್ಕೆ ಹತ್ತಾರು ಕಿಲೋಮೀಟರ್ ಓಡುವವರು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಆ ಪ್ರಮಾಣದಲ್ಲಿ ಮುದ್ದೆ ನುಂಗಿದರೆ ಅದು ಸೇರುವುದು ಹೊಟ್ಟೆಯ ಸುತ್ತಲೇ.

ಆಫ್ರಿಕಾಕ್ಕೂ ಮಂಡ್ಯಕ್ಕೂ ಇನ್ನೊಂದು ನಂಟಿದೆ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿದರು. ರಾಗಿಯ ಹೂವು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದು, ತನ್ನಲ್ಲೇ ತಾನು ಪರಾಗ ಕಟ್ಟಿಕೊಳ್ಳುವಂಥದ್ದು. ಬೆರೆಸುವುದು ಎಷ್ಟು ತಾಳ್ಮೆಯ ಕೆಲಸವೆಂದು ಊಹಿಸಿ. ಹುಟ್ಟಿದ ತಳಿಗಳಿಗೆ ಇಂಡಿಯಾ, ಆಫ್ರಿಕಾ ಎರಡರ ಹೆಸರೂ ಕೂಡಿಸಿ ‘ಇಂಡಾಫ್’ ಎಂದಿಟ್ಟರು. ನಮ್ಮ ರೈತರ ಕಣದಲ್ಲಿ ರಾಗಿಯ ರಾಶಿ ಎತ್ತರವಾದದ್ದು ಈ ತಳಿಗಳಿಂದ. ಓಟಗಾರರಿಗೆ ಕೊಡುವ ಮಾನದಲ್ಲಿ ಒಂದು ಪಾಲು ಇಂಥವರಿಗೂ ಸಲ್ಲಬೇಕು.

● ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120, ಅಕ್ಕಿಯಲ್ಲಿ ಹತ್ತರ ಆಸುಪಾಸು. ಆದರೆ ರಾಗಿಯಲ್ಲಿ ಪ್ರೋಟೀನು ಕಡಿಮೆ, ನೂರಕ್ಕೆ ಏಳು ಗ್ರಾಂನಷ್ಟು. ಮುದ್ದೆಯ ಜೊತೆ ಹುರುಳಿ ಸಾರು, ಅವರೆಕಾಳು, ಉಪ್ಸಾರಿನ ಕಾಳು ಇಟ್ಟ ಅಜ್ಜಿಯರು ಈ ಕೊರತೆಯನ್ನು ಅಂಕಿಯ ಹಂಗಿಲ್ಲದೆ ತುಂಬಿದ್ದರು.

● ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ್ದು ಭಾರತದ ಪ್ರಸ್ತಾವದ ಮೇಲೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು: ಈ ಆರು ಹೆಸರನ್ನೂ ತಡವರಿಸದೆ ಹೇಳುವ ಮಕ್ಕಳು ನಿಮ್ಮ ಮನೆಯಲ್ಲಿದ್ದಾರೆಯೇ?

● ಒಂದು ಕಿಲೋಮೀಟರ್ ಓಡಿದರೆ ಎಷ್ಟು ಕ್ಯಾಲೊರಿ ಖರ್ಚು? ಸುಲಭದ ಲೆಕ್ಕವಿದೆ. ಮೈತೂಕ ಎಷ್ಟು ಕಿಲೋ ಇದೆಯೋ ಹತ್ತಿರಹತ್ತಿರ ಅಷ್ಟೇ ಕ್ಯಾಲೊರಿ. ಅರವತ್ತು ಕಿಲೋ ತೂಗುವವರು ಐದು ಕಿಲೋಮೀಟರ್ ಓಡಿದರೆ ಸುಮಾರು 300. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆಗೆ 120 ಕ್ಯಾಲೊರಿ. ಅಂದರೆ ಆ ಓಟವೆಲ್ಲ ಎರಡೂವರೆ ಚಮಚ ಎಣ್ಣೆಗೆ ಸಮ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಕೂತಿರುತ್ತದೆ. ಇದನ್ನು ಓದಿ ಕೈಚೆಲ್ಲಬೇಡಿ. ಓಟ ಹೃದಯಕ್ಕೆ, ಎಲುಬಿಗೆ, ಮನಸ್ಸಿಗೆ ಕೊಡುವುದನ್ನು ಯಾವ ಪಥ್ಯವೂ ಕೊಡದು. ತೂಕದ ಮಾತು ಬಂದಾಗ ಮಾತ್ರ ಒಗ್ಗರಣೆಯ ಸೌಟು ಕಾಲಿಗಿಂತ ಬಲಶಾಲಿ.

● ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದೆವು ಎಂದು ನೆಮ್ಮದಿಪಡುವವರು ಬಹಳ. ಬೆಲ್ಲದ ರುಚಿ ದೊಡ್ಡದು, ನಿಜ. ಆದರೆ ಕ್ಯಾಲೊರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಸಣ್ಣ ಚಮಚ ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ, ಜೇನುತುಪ್ಪ, ಹಣ್ಣಿನ ರಸವೂ ಇದೇ ಲೆಕ್ಕದಲ್ಲಿ ಸೇರುತ್ತವೆ. ಎರಡು ಚಮಚ ಹಾಕಿದ ಮೂರು ಲೋಟ ಕಾಫಿಗೆ ದಿನದ ಲೆಕ್ಕ ಮುಗಿಯಿತು. ಉಪ್ಪಿಗೂ ಮಿತಿಯಿದೆ: ಐದು ಗ್ರಾಂಗಿಂತ ಕಡಿಮೆ, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ.

● ಮೊದಲು ತರಕಾರಿ, ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ ರಕ್ತದಲ್ಲಿ ಸಕ್ಕರೆ ಏರುವುದು ಕಡಿಮೆಯಾಗುತ್ತದೆ ಎಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ನಂತರ ಬರುತ್ತದಲ್ಲವೇ? ಬಡಿಸಿದ ಕ್ರಮದಲ್ಲೇ ತಿಂದು ನೋಡಿ. ಉಂಡ ಮೇಲೆ ಐದು ನಿಮಿಷ ಅಡ್ಡಾಡಿದರೂ ಸಕ್ಕರೆ ತಗ್ಗುತ್ತದೆ. ಮಾಂಸಖಂಡ ಅದನ್ನು ಎಳೆದುಕೊಂಡು ಉರಿಸುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಹೊಸದಾಗಿ ಓಟ ಶುರುಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು, ಸಕ್ಕರೆ ಏಕಾಏಕಿ ಇಳಿದುಬಿಡಬಹುದು.

● ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ ಒಟ್ಟಿಗೆ ನಿಂತ ಒಂದು ಫೋಟೊ 2004ರಲ್ಲಿ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರ-ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ ಒಂದೇ: 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2! ನೋಡಲು ತೆಳ್ಳಗೆ, ಒಳಗೆ ಕೊಬ್ಬು: ನಮ್ಮ ನಾಡಿನ ಮೈಕಟ್ಟಿನ ಗುಟ್ಟು ಇದು. ಹೀಗಾಗಿಯೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಎಚ್ಚರಿಕೆ, 25 ದಾಟಿದರೆ ಬೊಜ್ಜು. ತಕ್ಕಡಿಗಿಂತ ಟೇಪು ವಾಸಿ: ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟದಿರಲಿ. 2023ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ನಮ್ಮ ಮನೆ, ಪಕ್ಕದ ಮನೆ, ಎದುರುಮನೆ ಎಲ್ಲವೂ ಈ ಅಂಕಿಯೊಳಗೇ ಇವೆ.

● ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಬೊಜ್ಜೇ ಕರಗದು. ಆ ವ್ಯಾಯಾಮದಿಂದ ಗಟ್ಟಿಯಾಗುವುದು ಒಳಗಿನ ಸ್ನಾಯು. ಕೊಬ್ಬು ಯಾವ ಜಾಗದಿಂದ ಮೊದಲು ಇಳಿಯಬೇಕೆಂದು ನಿರ್ಧರಿಸುವುದು ದೇಹವೇ.

● ಮೈಕಟ್ಟು ಬೆಳೆಸುವವರಿಗೂ ಪುಸ್ತಕಕ್ಕೂ ದೂರ ಎಂದವರು ಯಾರು? ಹೊಯ್ಸಳ ರಾಣಿಯ ಕಥೆಯನ್ನು ‘ಶಾಂತಲಾ’ ಕಾದಂಬರಿಯಾಗಿ ಕನ್ನಡಕ್ಕೆ ಕೊಟ್ಟ ಕೆ.ವಿ. ಅಯ್ಯರ್, ತಮ್ಮ ಕಾಲದಲ್ಲಿ ದೇಶ ವಿದೇಶಗಳಲ್ಲಿ ಹೆಸರಾಗಿದ್ದ ದೇಹದಾರ್ಢ್ಯ ಪಟು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು, 1930ರಲ್ಲೇ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದರು, ದೂರದವರಿಗೆ ಅಂಚೆಯಲ್ಲೇ ವ್ಯಾಯಾಮದ ಪಾಠ ಕಳಿಸಿದರು. ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯ. ಕಬ್ಬಿಣ ಎತ್ತಿದ ಕೈಯಲ್ಲೇ ಲೇಖನಿ ಹಿಡಿದವರು.

● ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಪಾಠ ಹೇಳುತ್ತಿದ್ದರು. ಅವರ ಕೈಯಲ್ಲಿ ಪಳಗಿದವರು ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನ ಬಳಿಯ ಕೌಶಿಕದ ಪಟ್ಟಾಭಿ ಜೋಯಿಸ್. ಇಂದು ಜಗತ್ತಿನ ದೊಡ್ಡ ನಗರಗಳಲ್ಲಿ ನಡೆಯುವ ಯೋಗ ತರಗತಿಗಳಲ್ಲಿ ಬಹುಪಾಲಿಗೆ ಬೇರು ಈ ಒಂದೇ ಕೋಣೆಯಲ್ಲಿದೆ. ಅಯ್ಯಂಗಾರರು ಮಗುವಾಗಿದ್ದಾಗಿನಿಂದ ಮಲೇರಿಯಾ, ಟೈಫಾಯಿಡ್, ಕ್ಷಯ ಎಂದು ನರಳಿ ಬಡಕಲಾಗಿದ್ದ ಹುಡುಗ. ಬಾಳಿದ್ದು 95 ವರ್ಷ.

● ನಮ್ಮ ಗರಡಿಯಲ್ಲಿ ತಿರುಗಿಸುವ ಮರದ ಗದೆಯನ್ನು ಕಂಡು ಬೆರಗಾದ ಬ್ರಿಟಿಷ್ ಸೈನಿಕರು 19ನೇ ಶತಮಾನದಲ್ಲಿ ಅದನ್ನು ತಮ್ಮೂರಿಗೆ ಒಯ್ದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಗದೆ ತಿರುಗಿಸುವುದೇ ಒಂದು ಸ್ಪರ್ಧೆಯಾಯಿತು. 1932ರಲ್ಲಿ ಚಿನ್ನ ಗೆದ್ದ ಜಾರ್ಜ್ ರಾತ್ ಆಗ ಕೆಲಸವಿಲ್ಲದ ಮನುಷ್ಯ. ಪದಕ ಹಿಡಿದು ಕ್ರೀಡಾಂಗಣದಿಂದ ಹೊರಬಂದು, ದಾರಿಯಲ್ಲಿ ಸಿಕ್ಕ ಗಾಡಿಗೆ ಕೈ ತೋರಿಸಿ ಮನೆ ಸೇರಿದ ಎಂದು ಹೇಳುತ್ತಾರೆ. ದಂಡ, ಬಸ್ಕಿ, ಗದೆ, ಸಂಗ್ರಾಣಿ ಕಲ್ಲು: ಕರೆಂಟಿಲ್ಲದೆ, ಮಾಸಿಕ ಶುಲ್ಕವಿಲ್ಲದೆ ನಡೆಯುತ್ತಿದ್ದ ಶಾಲೆ ಅದು. ಹಳ್ಳಿಹಳ್ಳಿಯಲ್ಲಿ ಗರಡಿಮನೆಗಳು ಬಾಗಿಲು ಮುಚ್ಚುತ್ತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

● ‘ಏರೋಬಿಕ್ಸ್’ ಎಂಬ ಪದವನ್ನು ಮನೆಮಾತಾಗಿಸಿದ್ದು ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್, 1968ರ ತಮ್ಮ ಪುಸ್ತಕದಿಂದ. ಹನ್ನೆರಡು ನಿಮಿಷದಲ್ಲಿ ಎಷ್ಟು ದೂರ ಓಡಬಲ್ಲಿರಿ ಎಂಬ ಪರೀಕ್ಷೆಯೂ ಅವರದೇ. 1970ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡ ಅವರ ವಿಧಾನದಲ್ಲಿ ತಯಾರಾಗಿತ್ತು. ಬ್ರೆಜಿಲ್‌ನಲ್ಲಿ ಜಾಗಿಂಗ್ ಮಾಡುವುದಕ್ಕೆ ‘ಕೂಪರ್ ಮಾಡುವುದು’ ಎಂಬ ಮಾತೇ ಹುಟ್ಟಿಕೊಂಡಿತು.

● ಓಡಿದರೆ ಮಂಡಿ ಸವೆಯುತ್ತದೆ ಎಂಬ ಭಯ ಎಲ್ಲರಿಗೂ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಬೇರೆಯದನ್ನೇ ಹೇಳುತ್ತದೆ. ಮಂಡಿ ಅಥವಾ ಸೊಂಟದ ಕೀಲು ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇಕಡ 3.5, ಓಡದೆ ಕೂತವರಲ್ಲಿ ಶೇಕಡ 10.2. ಪೈಪೋಟಿಗೆಂದೇ ಓಡುವ ವೃತ್ತಿಪರರಲ್ಲಿ ಮಾತ್ರ 13.3. ಮಿತವಾಗಿ ಓಡುವ ಕಾಲಿಗೆ ಭಯ ಬೇಡ. ಈಗಾಗಲೇ ಮಂಡಿ ಊದಿಕೊಂಡವರ ಮಾತು ಬೇರೆ. ಅವರು ಮೊದಲು ವೈದ್ಯರಿಗೆ ತೋರಿಸಬೇಕು.

● ವ್ಯಾಯಾಮ ಶುರು ಮಾಡಿದ ಎರಡನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಂತೆ ಆಗುತ್ತದಲ್ಲ, ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ಅದು ಗಂಟೆಯೊಳಗೆ ರಕ್ತದಿಂದ ಹೊರಟುಹೋಗಿರುತ್ತದೆ. ಹೊಸ ಕೆಲಸಕ್ಕೆ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಬಿರುಕು, ಅದನ್ನು ದೇಹ ಸರಿಪಡಿಸುವಾಗಿನ ಊತ, ಅದರ ನೋವು. ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಸ್ನಾಯು ಬಲಿಯುವುದು ಓಡುವಾಗ ಅಲ್ಲ, ಓಡಿ ಮಲಗಿದಾಗ.

● ಓಡಿದ ಮೇಲೆ ಮನಸ್ಸು ಹಗುರಾಗುವುದಕ್ಕೆ ಎಂಡಾರ್ಫಿನ್ ಕಾರಣ ಎಂದು ಓದಿರುತ್ತೀರಿ. ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟು ಓಡಿಸಿ ನೋಡಿದರು. ಆದರೂ ಓಟಗಾರರ ಮನಸ್ಸು ಹಗುರಾಯಿತು! 2021ರಲ್ಲಿ ಪ್ರಕಟವಾದ ಆ ಅಧ್ಯಯನ ಬೊಟ್ಟು ಮಾಡಿದ್ದು ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಬೇರೊಂದು ರಾಸಾಯನಿಕದ ಕಡೆಗೆ.

● ನೀರು ಹೆಚ್ಚು ಕುಡಿದಷ್ಟೂ ಒಳ್ಳೆಯದಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡ 13ರಷ್ಟು ಜನರಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಬಹುಮಟ್ಟಿಗೆ ಕಾರಣ ದಾರಿಯುದ್ದಕ್ಕೂ ಕುಡಿದ ಅತಿಯಾದ ನೀರು. ಬಾಯಾರಿದಾಗ ಕುಡಿಯಿರಿ. ಬಿಸಿಲಲ್ಲಿ ಬಹಳ ಬೆವರಿದ್ದರೆ ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ.

● ಎಷ್ಟು ವೇಗ ಸಾಕು? ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ವೇಗ. ಅಂಥ ವೇಗದಲ್ಲಿ ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಸುಮಾರು 22 ನಿಮಿಷ, ಜೊತೆಗೆ ವಾರಕ್ಕೆ ಎರಡು ದಿನ ಕಸುವು ಬೆಳೆಸುವ ವ್ಯಾಯಾಮ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

● ನಿಮಿಷಕ್ಕೆ 70 ಸಲ ಬಡಿಯುತ್ತಿದ್ದ ಹೃದಯ ಅಭ್ಯಾಸದಿಂದ 50ಕ್ಕೆ ಇಳಿದರೆ ದಿನಕ್ಕೆ 28,800 ಬಡಿತ ಉಳಿತಾಯ.

● ಕೂತ ಕುರ್ಚಿಯಿಂದ ಎದ್ದು ಐದು ಕಿಲೋಮೀಟರ್ ಓಡುವುದು ಹೇಗೆ? 1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ತನ್ನ ಅಮ್ಮನನ್ನೂ ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ವಾರದ ಒಂದು ಕ್ರಮ ಬರೆದ. ಮೊದಲ ವಾರ ಐದು ನಿಮಿಷ ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಅಷ್ಟೇ. ಇಂದು ಲಕ್ಷಾಂತರ ಜನ ಅದನ್ನು ಹಿಡಿದು ಓಡುತ್ತಿದ್ದಾರೆ. ನಾನು ಓಡಲು ಶುರುಮಾಡಿದ್ದು ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬದವರೆಗೆ. ಮೂರನೇ ತಿಂಗಳು ಕೆರೆ ಏರಿಯ ಕೊನೆ ಮುಟ್ಟಿದ ಬೆಳಗ್ಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿ, ಆಸ್ಪತ್ರೆಗೆ ಹೋಗಿ. ಇದರಲ್ಲಿ ಧೈರ್ಯ ತೋರಿಸಬೇಡಿ.

● ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕೈ ಮಂಡಿ ಊರದೆ ಏಳಬಲ್ಲಿರಾ? ಬ್ರೆಜಿಲ್‌ನ ವೈದ್ಯರು 51ರಿಂದ 80 ವರ್ಷದ 2,002 ಜನರಿಗೆ ಈ ಪರೀಕ್ಷೆ ಕೊಟ್ಟರು. ಕೂರಲು ಐದು ಅಂಕ, ಏಳಲು ಐದು. ಪ್ರತಿ ಸಲ ಕೈಯೋ ಮಂಡಿಯೋ ಊರಿದರೆ ಒಂದು ಅಂಕ ಕಡಿತ. ಮುಂದಿನ ವರ್ಷಗಳಲ್ಲಿ, ಕಡಿಮೆ ಅಂಕ ಪಡೆದವರಲ್ಲಿ ಸಾವು ಬಹಳ ಹೆಚ್ಚಿತ್ತು. ದಿನಕ್ಕೊಮ್ಮೆಯಾದರೂ ನೆಲದ ಮೇಲೆ ಕೂತು ಉಣ್ಣುವ ಮನೆಗಳಲ್ಲಿ ಈ ಅಭ್ಯಾಸ ತಾನಾಗಿ ನಡೆಯುತ್ತಿರುತ್ತದೆ.

● 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತು ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅವರ ದೇಹದ ಕಸುವು ಅಳೆದರು. ಮೂವತ್ತು ವರ್ಷದ ಮೇಲೆ, ಐವತ್ತಾಗಿದ್ದ ಅದೇ ಐವರನ್ನು ಹುಡುಕಿ ತಂದು ಮತ್ತೆ ಅಳೆದರು. ಬೆಚ್ಚಿಬೀಳಿಸುವ ಉತ್ತರ ಬಂತು: ಮೂವತ್ತು ವರ್ಷದ ವಯಸ್ಸು ಕಸಿದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಹೆಚ್ಚು ಕಸಿದಿತ್ತು. ಆಮೇಲೆ ಆರು ತಿಂಗಳು ನಡಿಗೆ, ಜಾಗಿಂಗ್, ಸೈಕಲ್ ಎಂದು ನಿಧಾನವಾಗಿ ತರಬೇತಿ ಕೊಟ್ಟಾಗ, ವಯಸ್ಸಿನಿಂದ ಕಳೆದುಕೊಂಡಿದ್ದ ದಮ್ಮನ್ನು ಅವರು ಸರಾಸರಿಯಲ್ಲಿ ಮರಳಿ ಪಡೆದರು.

● ಫೌಜಾ ಸಿಂಗ್ ಅವರ ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ವರ್ಷ 1911. ಪಂಜಾಬಿನ ರೈತ, ಮಗನ ಸಾವಿನ ದುಃಖ ಮರೆಯಲು ಓಡಲು ಹೊರಟವರು. ಮೊದಲ ಮ್ಯಾರಥಾನ್ ಓಡಿದ್ದು ಲಂಡನ್ನಿನಲ್ಲಿ, 89ನೇ ವಯಸ್ಸಿಗೆ. 2011ರಲ್ಲಿ ಟೊರಾಂಟೊದಲ್ಲಿ ನೂರರ ವಯಸ್ಸಿನಲ್ಲಿ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್ ಪುಸ್ತಕ ಆ ದಾಖಲೆ ಬರೆದುಕೊಳ್ಳಲಿಲ್ಲ. 2025ರ ಜುಲೈನಲ್ಲಿ ತಮ್ಮ ಹಳ್ಳಿಯ ಬಳಿ ರಸ್ತೆಯಲ್ಲಿ ವಾಹನ ಬಡಿದು ತೀರಿಕೊಂಡರು. ಆಗಲೂ ಅವರು ಕಾಲ್ನಡಿಗೆಯಲ್ಲೇ ಇದ್ದರು.

● 1990ರಲ್ಲಿ ಪ್ರಕಟವಾದ ಪ್ರಯೋಗವೊಂದಕ್ಕಾಗಿ ಬಾಸ್ಟನ್ನಿನ ವೃದ್ಧಾಶ್ರಮದಲ್ಲಿ ವೈದ್ಯೆ ಮರಿಯಾ ಫಿಯಾಟರೋನೆ ಮತ್ತು ಸಂಗಡಿಗರು ಸರಾಸರಿ 90 ವರ್ಷದ ಹತ್ತು ಮಂದಿಗೆ ಭಾರ ಎತ್ತುವ ತರಬೇತಿ ಶುರುಮಾಡಿದರು. ವಾರಕ್ಕೆ ಮೂರು ದಿನ, ಕಾಲಿನಿಂದ ಭಾರ ಮೇಲೆತ್ತುವುದು, ನಿಧಾನವಾಗಿ ಇಳಿಸುವುದು. ಎಂಟು ವಾರ ಮುಗಿಯುವ ಹೊತ್ತಿಗೆ ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿತ್ತು, ತೊಡೆಯ ಸ್ನಾಯು ಶೇಕಡ 9ರಷ್ಟು ತುಂಬಿಕೊಂಡಿತ್ತು. ಕುರ್ಚಿಯ ಕೈ ಹಿಡಿಯದೆ ಏಳಲಾಗದಿದ್ದ ಮೂವರಲ್ಲಿ ಒಬ್ಬರು ತಾವಾಗಿಯೇ ಎದ್ದು ನಿಂತರು. ಊರುಗೋಲು ಹಿಡಿದು ಬಂದಿದ್ದವರಲ್ಲಿ ಇಬ್ಬರು ಅದನ್ನು ಮೂಲೆಗಿಟ್ಟು ನಡೆದರು.